ಚಪ್ಪಲಿ ಕಾಯುವವರು

ಮಧುಗಿರಿ ಬೆಟ್ಟದ ಬುಡಕ್ಕೆ ಯಾವ ಭಾನುವಾರ ಬೆಳಿಗ್ಗೆ ಹೋದರೂ ಈ ನೋಟ ತಪ್ಪುವುದಿಲ್ಲ. ಬೆಂಗಳೂರಿನಿಂದಲೋ ತುಮಕೂರಿನಿಂದಲೋ ಬಂದ ಗುಂಪೊಂದು ಕಾರಿನಿಂದಿಳಿದು, ಕತ್ತೆತ್ತಿ ಆ ಒಂದೇ ಬಂಡೆಯನ್ನು ನೋಡಿ, ‘ಇದನ್ನಾ ಹತ್ತೋದು?’ ಎಂದು ನಗುತ್ತದೆ. ಮೊದಲ ಬಾಗಿಲು ದಾಟುವವರೆಗೆ ಎಲ್ಲರಿಗೂ ಹುರುಪು. ಮೆಟ್ಟಿಲು ಮುಗಿದು ಬಂಡೆಯಲ್ಲಿ ಕೊರೆದ ಹೆಜ್ಜೆಗುಳಿಗಳಷ್ಟೇ ಉಳಿಯುವಲ್ಲಿ ಗುಂಪು ಒಡೆಯುತ್ತದೆ. ಒಬ್ಬರು ಮಾತ್ರ ‘ನೀವು ಹೋಗ್ಬನ್ನಿ, ನಾನು ಇಲ್ಲೇ ಕೂತಿರ್ತೀನಿ’ ಎಂದು ನೆರಳು ಹುಡುಕುತ್ತಾರೆ. ಮರುಗಳಿಗೆಗೆ ಅವರ ಸುತ್ತ ಬ್ಯಾಗುಗಳು, ತಿಂಡಿ ಡಬ್ಬಿ, ಕಾರಿನ ಕೀ, ಜಾರೀತೆಂದು ಬಿಚ್ಚಿಟ್ಟ ಚಪ್ಪಲಿಗಳು ಗುಡ್ಡೆ ಬೀಳುತ್ತವೆ. ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣನ ಗುಡಿಯ ಮುಂದೆ ತೆಗೆಸಿಕೊಂಡ ಫೋಟೊದಲ್ಲಿ ಅವರಿರುವುದಿಲ್ಲ. ಕೋತಿಗಳ ಕೈಯಿಂದ ಚಿತ್ರಾನ್ನ ಉಳಿಸಿದ್ದು ಅವರೇ ಎಂಬುದನ್ನು ತಿನ್ನುವಾಗ ಯಾರೂ ನೆನೆಯುವುದೂ ಇಲ್ಲ.

ಮಧುಗಿರಿ, ಪಾವಗಡ, ಸಿರಾ, ಕೊರಟಗೆರೆ ಎಂಬ ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ‘ಜೊತೆಗೆ ಬಂದವರು’ ಎಂಬ ದೊಡ್ಡ ಪಂಗಡವೊಂದಿದೆ. ಶನಿವಾರ ಪಾವಗಡದ ಶನಿಮಹಾತ್ಮನ ಗುಡಿಯ ಮುಂದೆ ಟೆಂಪೊದಿಂದಿಳಿಯುವ ಸಂಸಾರಗಳನ್ನು ನೋಡಿ. ಸಾಡೇಸಾತಿ ಹಿಡಿದಿರುವುದು ಒಬ್ಬರಿಗೆ, ಪ್ರಯಾಣ ಮನೆಮಂದಿಗೆಲ್ಲ. ಸಿರಾದಿಂದ ಬೆಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಯ ಪಕ್ಕದ ಸೀಟಿನಲ್ಲಿ, ಎಕ್ಸ್‌ರೇ ಕವರು ಮಡಿಲಲ್ಲಿಟ್ಟುಕೊಂಡು ಕೂತವರೂ ಇದೇ ಪಂಗಡದವರು. ಇವರಲ್ಲಿ ಹೆಂಗಸರೇ ಹೆಚ್ಚು ಎಂದು ಬೇರೆ ಹೇಳಬೇಕಾಗಿಲ್ಲ.

ಇವರ ಬಗ್ಗೆ ಯೋಚಿಸುವಂತೆ ಮಾಡಿದ್ದು ನಮ್ಮ ಸೀಮೆಗೆ ಸಂಬಂಧವೇ ಇಲ್ಲದ ಒಂದು ವಸ್ತು: ಗಾಲ್ಫ್ ಕ್ರೂಸ್. ಕೊರಟಗೆರೆ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಲ್ಲಿದ್ದಾಳೆ. ಗಂಡ ನಿವೃತ್ತ ಎಂಜಿನಿಯರ್, ಕೆಲಸ ಬಿಟ್ಟ ಮೇಲೆ ಗಾಲ್ಫ್ ಹಚ್ಚಿಕೊಂಡವರು. ಅಮೆರಿಕದ ಮಗ ಅಪ್ಪ ಅಮ್ಮ ಇಬ್ಬರಿಗೂ ಸ್ಕಾಟ್ಲೆಂಡ್ ಸುತ್ತುವ ಹಡಗಿನ ಟಿಕೆಟ್ ಕೊಡಿಸುತ್ತೇನೆಂದು ಹಟ ಹಿಡಿದಿದ್ದಾನೆ. ‘ಇವ್ರು ಆಡ್ತಾರೆ ಮೇಷ್ಟ್ರೇ, ನಾನು ಹೋಗಿ ಏನ್ ಮಾಡ್ಲಿ? ಹೋಗ್ದಿದ್ರೆ ಇವ್ರಿಗೆ ಬೇಜಾರು. ಹೋಗ್ಲೋ ಬೇಡ್ವೋ ನೀವೇ ಹೇಳ್ಬಿಡಿ’ ಎಂದು ಕೇಳಿದಳು. ಮೇಷ್ಟ್ರಾದವನಿಗೆ ಎಲ್ಲವೂ ಗೊತ್ತಿರುತ್ತದೆಂಬ ನಂಬಿಕೆ ಇನ್ನೂ ಉಳಿಸಿಕೊಂಡಿರುವ ಕೊನೆಯ ತಲೆಮಾರು ಅವಳದು. ನನಗೆ ಗಾಲ್ಫ್ ಎಂದರೆ 1876ರಿಂದ ಬೆಂಗಳೂರಿನ ನಡುಮಧ್ಯೆ ಹಸಿರು ಹಾಸಿಕೊಂಡಿರುವ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಬೇಲಿ, ಅದೂ ಬಸ್ಸಿನ ಕಿಟಕಿಯಿಂದ ಕಂಡಷ್ಟು.

ಅವಳು ಕಳಿಸಿದ ವಿವರಗಳನ್ನು ಓದಿದೆ. ಏರ್ಪಾಡು ಸೊಗಸಾಗಿದೆ. ಹಡಗು ರಾತ್ರಿಯಿಡೀ ಸಾಗಿ ಬೆಳಿಗ್ಗೆ ಒಂದು ಬಂದರಿಗೆ ಬಂದು ನಿಲ್ಲುತ್ತದೆ. ಆಡುವವರ ಬ್ಯಾಗುಗಳನ್ನು ಸಿಬ್ಬಂದಿಯೇ ಇಳಿಸಿ ಬಸ್ಸಿಗೆ ಹಾಕುತ್ತಾರೆ. ಹತ್ತಿರದ ಹೆಸರಾಂತ ಮೈದಾನದಲ್ಲಿ 18 ಗುಳಿಗಳ ಆಟ, ನಾಲ್ಕು ನಾಲ್ಕೂವರೆ ಗಂಟೆ. ಸಂಜೆಗೆ ಮತ್ತೆ ಹಡಗು, ಊಟ, ಎಲ್ಲಿ ಹೊಡೆತ ತಪ್ಪಿತೆಂಬ ಪುರಾಣ. ದಡ ಸಿಗದ ದಿನ ಪಳಗಿದ ಆಟಗಾರರಿಂದ ಡೆಕ್ಕಿನ ಮೇಲೇ ಪಾಠ. ಜುಲೈ ತಿಂಗಳ ಓಪನ್ ಚಾಂಪಿಯನ್‌ಷಿಪ್‌ಗೆ ಹೊಂದಿಸಿ ಹೊರಡುವ ಹಡಗುಗಳುಂಟು, ಡ್ಯಾನ್ಯೂಬ್ ನದಿಯಲ್ಲಿ ಹೋಗುವ ಸಣ್ಣ ಹಡಗುಗಳೂ ಉಂಟು. ಹಿಂದೆಲ್ಲ ಹಡಗಿನ ಮೇಲಿಂದ ನೇರವಾಗಿ ಸಮುದ್ರಕ್ಕೇ ಚೆಂಡು ಬಾರಿಸುವ ಮೋಜಿತ್ತಂತೆ. ಸಮುದ್ರಕ್ಕೆ ಪ್ಲಾಸ್ಟಿಕ್ ಎಸೆಯಬಾರದೆಂಬ ಅಂತರರಾಷ್ಟ್ರೀಯ ನಿಯಮ 1988ರ ಕೊನೆಯಲ್ಲಿ ಜಾರಿಗೆ ಬಂದ ಮೇಲೆ ಅದು ನಿಂತಿತು. ನಾವು ಆಡುವ ಕಡೆ ಮೀನುಗಳೂ ಬದುಕಿವೆ ಎಂದು ಮನುಷ್ಯನಿಗೆ ನೆನಪಿಸಲು ದೇಶದೇಶಗಳು ಕೂತು ಸಹಿ ಹಾಕಬೇಕಾಯಿತು.

ನಾನು ತಡೆದು ನಿಂತದ್ದು ಇನ್ನೊಂದು ಪುಟದಲ್ಲಿ. ಅಲ್ಲಿ ಗಾಲ್ಫ್ ಆಡದ ಜೊತೆಗಾರರಿಗೆಂದೇ ಒಂದು ಅಂಕಣವಿತ್ತು. ಅವರಿಗೆ ದರ ಬೇರೆ, ಆಡುವವರಿಗಿಂತ ಕಡಿಮೆ. ಅವರ ದಿನಚರಿಯೂ ಬೇರೆ. ಹಳೆಯ ಕೋಟೆ ನೋಡುತ್ತೀರೋ, ಊರಿನ ಸಂತೆ ಸುತ್ತುತ್ತೀರೋ, ಅಲ್ಲಿಯ ಅಡುಗೆ ಕಲಿಯುತ್ತೀರೋ, ಆಟಗಾರರ ಜೊತೆ ಗಾಡಿಯಲ್ಲಿ ಕೂತು ಮೈದಾನ ನೋಡುತ್ತೀರೋ, ಇಲ್ಲ ಹಡಗಿನಲ್ಲೇ ಆರಾಮಾಗಿ ಇರುತ್ತೀರೋ ಎಂದು ಕೇಳಿ, ಎದುರಿಗೆ ಟಿಕ್ ಹಾಕಲು ಚೌಕಗಳನ್ನು ಬಿಟ್ಟಿದ್ದರು.

ಇದು ವ್ಯಾಪಾರದ ಜಾಣತನ, ಒಪ್ಪೋಣ. ಜೊತೆಯಲ್ಲಿ ಬಂದವರು ಬೇಸತ್ತರೆ ಆಡುವವರು ಮುಂದಿನ ವರ್ಷ ಬರುವುದಿಲ್ಲ ಎಂಬುದು ಹಡಗಿನವರಿಗೆ ಚೆನ್ನಾಗಿ ಗೊತ್ತು. ಆದರೆ ಕೇಳಿದ ಪ್ರಶ್ನೆ ಸರಿಯಾಗಿದೆ. ಬೆಟ್ಟದ ಬುಡದಲ್ಲಿ ಉಳಿದವರನ್ನು ‘ನಾವು ಹತ್ತಿ ಬರುವಷ್ಟರಲ್ಲಿ ನಿನಗೇನು ಬೇಕು? ಊರೊಳಗೆ ವೆಂಕಟರಮಣನ ಗುಡಿ, ಮಲ್ಲೇಶ್ವರನ ಗುಡಿ ಇವೆ, ನೋಡಿಕೊಂಡು ಬರುತ್ತೀಯಾ?’ ಎಂದು ಎಷ್ಟು ಜನ ಕೇಳಿದ್ದೇವೆ? ನಾವು ಅದನ್ನು ತ್ಯಾಗ ಎಂದು ಕರೆದು ಕೈತೊಳೆದುಕೊಳ್ಳುತ್ತೇವೆ. ತ್ಯಾಗ ಎಂದೊಮ್ಮೆ ಕರೆದರೆ ಮುಗಿಯಿತು, ಅದರ ಬಗ್ಗೆ ವಿಚಾರಿಸುವುದೇ ಅಪಚಾರವಾಗುತ್ತದೆ.

‘ಏನಿಷ್ಟ ಅಂತ ಟಿಕ್ ಹಾಕ್ಬೇಕಂತೆ ಮೇಷ್ಟ್ರೇ. ಅವತ್ತಿಂದ ನೋಡ್ತಾನೇ ಇದೀನಿ, ಹಾಕಕ್ಕೆ ಆಗ್ತಿಲ್ಲ’ ಎಂದಳು. ಅಡುಗೆಗೆ ಹಾಕೋಣವೆಂದರೆ, ಸ್ಕಾಟ್ಲೆಂಡಿಗೂ ಹೋಗಿ ಒಲೆ ಮುಂದೆ ನಿಲ್ಲಬೇಕಾ ಎಂದು ಅವಳಿಗೇ ನಗು. ಕೋಟೆಗೆ ಹಾಕಿದರೆ ಗಂಡನಿಲ್ಲದೆ ಒಬ್ಬಳೇ ಹೋಗಬೇಕು. ಗಾಡಿಯಲ್ಲಿ ಕೂತು ಗಂಡನ ಆಟ ನೋಡುವುದೊಂದೇ ಅಭ್ಯಾಸವಿದ್ದ ಉತ್ತರ. ‘ಅಲ್ಲಿ ಗಂಟೆಗಟ್ಟಲೆ ಹುಲ್ಲು ನೋಡ್ಕೊಂಡು ಕೂತ್ಕೊಳೋದಾ?’ ಎಂದು ಅದಕ್ಕೂ ಮೂಗು ಮುರಿದಳು.

ಹುಲ್ಲಿನ ವಿಷಯದಲ್ಲಿ ಮಾತ್ರ ಅವಳಿಗೆ ನನ್ನ ಹತ್ತಿರ ಉತ್ತರವಿತ್ತು. ಗಾಲ್ಫ್ ಬೆಳೆದದ್ದು ಸ್ಕಾಟ್ಲೆಂಡಿನ ಕಡಲಂಚಿನ ಮರಳು ನೆಲದಲ್ಲಿ. ಅಲ್ಲಿ ನೇಗಿಲು ಹೂಡಿ ಉಪಯೋಗವಿಲ್ಲ, ಕುರಿ ಮೇಯಿಸಬಹುದು ಅಷ್ಟೆ. ಕುರಿ ಮೇಯ್ದು ಗಿಡ್ಡವಾದ ಹುಲ್ಲಿನ ಮೇಲೆ ಚೆಂಡು ಉರುಳಿತು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲೂ ಉಳುವವರ ಕಣ್ಣಿಗೆ ಅಂಥದೇ ಬರಡು. ಕೃಷ್ಣಮೃಗಗಳಿಗೆ ಅದೇ ಸ್ವರ್ಗ; ಅವುಗಳಿಗಾಗಿಯೇ 2007ರಲ್ಲಿ ಅದನ್ನು ಜಯಮಂಗಲಿ ಮೀಸಲು ಪ್ರದೇಶವೆಂದು ಘೋಷಿಸಿದರು. ನೆಲದಲ್ಲಿ ಗೂಡು ಕಟ್ಟಿ ಆಕಾಶಕ್ಕೇರುತ್ತಾ ಹಾಡುವ ಪುಟ್ಟ ಹಕ್ಕಿಗಳು ಅಲ್ಲೂ ಇವೆ, ಸ್ಕಾಟ್ಲೆಂಡಿನ ಆ ಮೈದಾನಗಳಲ್ಲೂ ಇವೆ. ಗಂಡ ಚೆಂಡು ನೋಡಲಿ, ನೀನು ಹಕ್ಕಿ ನೋಡು ಎಂದೆ. ಒಟ್ಟಿಗೆ ಹೋದವರೆಲ್ಲ ಒಂದನ್ನೇ ನೋಡಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಹಗಲೆಲ್ಲ ಬೇರೆಬೇರೆಯಾಗಿದ್ದರೆ ಅದೆಂಥ ಜೊತೆ ಎಂದು ಕೇಳುವವರಿದ್ದಾರೆ. ಸಂಜೆ ಊಟಕ್ಕೆ ಕೂತಾಗ ಇಬ್ಬರ ಬಳಿಯೂ ಒಂದೊಂದು ಸುದ್ದಿ ಇರುವುದು, ಒಬ್ಬರ ಸುದ್ದಿಗೆ ಇನ್ನೊಬ್ಬರು ಜೀವನವಿಡೀ ಹೂಂಗುಟ್ಟುವುದಕ್ಕಿಂತ ಒಳ್ಳೆಯದೆಂದೇ ನನಗನ್ನಿಸುತ್ತದೆ.

ಜೊತೆಗಿರುವುದಕ್ಕೆ ಇನ್ನೊಂದು ದಾರಿಯೂ ಇದೆ. ಅದನ್ನು ತೋರಿಸಿಕೊಟ್ಟದ್ದು ಬೆಂಗಳೂರಿನದೇ ಒಂದು ಸಂಸಾರ. ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಮನೆಯಲ್ಲಿ ಮೊದಲು ಯಾರೂ ಗಾಲ್ಫ್ ಆಡುತ್ತಿರಲಿಲ್ಲ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಅಭ್ಯಾಸದ ಮೈದಾನ ಕಾಣುವ ಹೋಟೆಲಿಗೆ ತಿಂಡಿಗೆಂದು ಹೋಗುತ್ತಿದ್ದಾಗ, ಐದು ವರ್ಷದ ಹುಡುಗಿಗೆ ಆ ಚೆಂಡಿನ ಸದ್ದು ಹಿಡಿಸಿಬಿಟ್ಟಿತು. ಅವಳಿಗಾಗಿ ಅಪ್ಪ ಅಮ್ಮನೂ ಆಟ ಕಲಿಯಲು ನಿಂತರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅವಳ ಬ್ಯಾಗು ಹೊತ್ತು ನಡೆದವರು ತಂದೆ ಅಶೋಕ್. 2021ರ ಆಗಸ್ಟ್‌ನಲ್ಲಿ ಟೋಕಿಯೊ ಕ್ರೀಡಾಕೂಟದ ನಾಲ್ಕೂ ದಿನ, ಆ ಸೆಕೆಯಲ್ಲಿ ಬ್ಯಾಗು ಹೊತ್ತವರು ತಾಯಿ ಮಹೇಶ್ವರಿ. ವಿಶ್ವ ಪಟ್ಟಿಯಲ್ಲಿ 200ರ ಆಸುಪಾಸಿನಲ್ಲಿದ್ದ ಹುಡುಗಿ ಕೊನೆಯ ದಿನದವರೆಗೂ ಪದಕದ ಸಾಲಿನಲ್ಲಿದ್ದು, ಒಂದೇ ಒಂದು ಹೊಡೆತದ ಅಂತರದಲ್ಲಿ ನಾಲ್ಕನೆಯವಳಾದಳು. ಅವತ್ತು ಗಾಲ್ಫಿನ ಗಂಧಗಾಳಿ ಇಲ್ಲದ ನಮ್ಮೂರ ಮನೆಗಳಲ್ಲೂ ಬೆಳಿಗ್ಗೆಯೇ ಟಿವಿ ಹಾಕಿದ್ದರು. ಮಗಳನ್ನು ನೋಡಿದವರಿಗೆಲ್ಲ ಎರಡು ಹೆಜ್ಜೆ ಹಿಂದೆ ತಾಯಿ ಕಂಡಳು. ಮಧುಗಿರಿಯ ನೆರಳಿನಲ್ಲಿ ಕೂತವರದೂ ಅವಳದೂ ಒಂದೇ ಕೆಲಸ, ಇನ್ನೊಬ್ಬರ ಸಾಮಾನು ಕಾಯುವುದು. ಆದರೆ ಅವಳು ಅದನ್ನು ಕಾದದ್ದು ಆಟದ ಒಳಗೆ ನಿಂತು.

ಗಾಲ್ಫಿನ ನಿಯಮವೊಂದು ನನಗೆ ಬಹಳ ಹಿಡಿಸಿತು. ಒಬ್ಬೊಬ್ಬರೇ ಆಡುವ ಸ್ಪರ್ಧೆಯಲ್ಲಿ ಆಟಗಾರ ಬೇರೆ ಯಾರ ಹತ್ತಿರವೂ ಸಲಹೆ ಕೇಳುವಂತಿಲ್ಲ, ತನ್ನ ಬ್ಯಾಗು ಹೊತ್ತ ಕ್ಯಾಡಿಯನ್ನು ಬಿಟ್ಟು. ಸಾವಿರಾರು ಜನ ಸುತ್ತ ನೆರೆದಿದ್ದರೂ ಬಾಯಿಬಿಟ್ಟು ‘ಈಗೇನು ಮಾಡಲಿ?’ ಎಂದು ಕೇಳಬಹುದಾದ ಒಬ್ಬನೇ ಒಬ್ಬ ಮನುಷ್ಯ, ಭಾರ ಹೊತ್ತವನು. ನಿಯಮ ಬರೆದವರಿಗೆ ಪಕ್ಕದಲ್ಲಿರುವವರ ಬೆಲೆ ಗೊತ್ತಿತ್ತು. ಪದಕ ಹಂಚುವವರಿಗೆ ಗೊತ್ತಿಲ್ಲ. ಒಲಿಂಪಿಕ್ಸ್‌ನಲ್ಲಿ ಗೆದ್ದವರ ಕ್ಯಾಡಿಗೂ ಪದಕವಿಲ್ಲ. ಹಾಗೆಂದು ಭಾರ ಹೊತ್ತವರು ಹೊರುತ್ತಲೇ ಇರಬೇಕಾಗಿಯೂ ಇಲ್ಲ. ಬಿಡದಿ ಹತ್ತಿರದ ಈಗಲ್‌ಟನ್ ಮೈದಾನದ ಪಕ್ಕದ ಹಳ್ಳಿಯಿಂದ ಹುಡುಗನಾಗಿದ್ದಾಗ ಕ್ಯಾಡಿ ಕೆಲಸಕ್ಕೆ ಹೋದ ಚಿಕ್ಕರಂಗಪ್ಪನನ್ನು ವಿಜಯ್ ದಿವೇಚಾ ಎಂಬ ತರಬೇತುದಾರರು ಗುರುತಿಸಿದರು, ಅವನು ದೇಶದೇಶ ಸುತ್ತುವ ವೃತ್ತಿಪರ ಆಟಗಾರನಾದ. ಆದರೆ ಅವನ ಹೆಸರು ನಮಗೆ ಗೊತ್ತಾದದ್ದು ಬ್ಯಾಗು ಕೆಳಗಿಟ್ಟ ಮೇಲೆ.

ಪಕ್ಕದಲ್ಲಿರುವವರನ್ನು ಲೆಕ್ಕಕ್ಕೆ ಹಿಡಿಯದ ರೂಢಿ ಮನೆಯೊಳಗೇ ನಿಲ್ಲುವುದಿಲ್ಲ. ಪಾವಗಡದ ತಿರುಮಣಿ, ವಳ್ಳೂರು ಸುತ್ತಿನ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಇವತ್ತು 2,050 ಮೆಗಾವಾಟ್‌ನ ಸೌರ ಫಲಕಗಳು ಹರಡಿವೆ. ಸರ್ಕಾರ ಭೂಮಿಯನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆ. ಬರದಲ್ಲಿ ಬೆಂದ ರೈತನಿಗೆ ಇದು ದೊಡ್ಡ ಆಸರೆ, ಪಹಣಿಯೂ ಅವನ ಹೆಸರಿನಲ್ಲೇ ಉಳಿಯಿತು. ಆದರೆ ಅದೇ ಹೊಲದಲ್ಲಿ ಕಡಲೆಕಾಯಿ ಕೀಳಲು ಕೂಲಿಗೆ ಹೋಗುತ್ತಿದ್ದ ಹೆಂಗಸರಿಗೆ, ಬೆಳೆ ಕೊಯ್ದ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಯಾವ ಪಹಣಿ? ಭೂಮಿಯ ಜೊತೆಗೆ ತಲೆತಲಾಂತರದಿಂದ ಇದ್ದವರು ಅವರು. ಜೊತೆಗಿದ್ದವರಿಗೆ ಗುತ್ತಿಗೆ ಪತ್ರದಲ್ಲಿ ಅಂಕಣವಿರಲಿಲ್ಲ. ಮೋಜಿನ ಹಡಗಿನವನಿಗೆ ಹೊಳೆದದ್ದು ಯೋಜನೆ ಬರೆದವರಿಗೆ ಹೊಳೆಯಲಿಲ್ಲವೆಂದರೆ ಏನನ್ನಬೇಕು?

ಇಷ್ಟು ಹೇಳಿ ಜೊತೆಗೆ ಹೋಗುವವರನ್ನೆಲ್ಲ ಪಾಪದವರೆಂದು ಕರೆದುಬಿಟ್ಟರೆ ಅದು ಅರ್ಧ ಸತ್ಯ. ಅವರೂ ಒಂದು ಲೆಕ್ಕದ ಪುಸ್ತಕ ಇಟ್ಟಿರುತ್ತಾರೆ. ಮನಸ್ಸಿಲ್ಲದೆ ಹೋಗಿ, ಮುಖ ಗಂಟಿಕ್ಕಿಕೊಂಡು ಕೂತು, ಹತ್ತು ವರ್ಷದ ಮೇಲೆ ಯಾವುದೋ ಜಗಳದಲ್ಲಿ ‘ನಿಮಗೋಸ್ಕರ ಅಲ್ಲೆಲ್ಲ ಬಂದು ಬಿಸಿಲಲ್ಲಿ ಕೂತಿದ್ದೆ’ ಎಂದು ಬಡ್ಡಿ ಸಮೇತ ವಸೂಲಿಗೆ ನಿಲ್ಲುವವರನ್ನು ನಾವು ಕಂಡಿಲ್ಲವೇ? ಬೇಡವೆನ್ನುವ ಧೈರ್ಯವಿಲ್ಲದೆ ಹೊರಟದ್ದನ್ನು ಪ್ರೀತಿ ಎಂದು ಕರೆದುಕೊಳ್ಳುವುದು ಸುಲಭ. ಆಡುವವನಿಗೂ ತನ್ನ ಹೊಡೆತ ನೋಡಲು ಒಬ್ಬರು ಬೇಕೆಂಬ ಆಸೆಯನ್ನು ಪ್ರೀತಿ ಎಂದು ಕರೆದುಕೊಳ್ಳುವುದು ಅಷ್ಟೇ ಸುಲಭ. ಇಬ್ಬರೂ ಒಬ್ಬರನ್ನೊಬ್ಬರು ಕೇಳದೆ, ಇನ್ನೊಬ್ಬರಿಗೋಸ್ಕರ ಎಂದುಕೊಂಡು, ಯಾರಿಗೂ ಬೇಡದ ಕಡೆಗೆ ಹೋಗಿ ಬರುವ ಸಂಸಾರಗಳೂ ಇವೆ.

ಹಾಗಾಗಿ ಹೋಗು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮೊದಲು ಆ ಚೌಕಕ್ಕೆ ಟಿಕ್ ಹಾಕು, ಆಮೇಲೆ ತೀರ್ಮಾನ ಮಾಡು ಎಂದೆ. ಅವಳು ಮೇಷ್ಟ್ರಿಗಿಂತ ಜಾಣೆ. ಕೋಟೆಗೆ ಟಿಕ್ ಹಾಕಿ, ಗಂಡನ ಮುಂದೆ ಒಂದು ಷರತ್ತನ್ನೂ ಇಟ್ಟಳಂತೆ. ಮದುವೆಯಾದಾಗಿನಿಂದ ಗೊರವನಹಳ್ಳಿ ಮಹಾಲಕ್ಷ್ಮಿಗೆ ಹೋದಾಗಲೆಲ್ಲ ಅವರು ಸಾಲು ಉದ್ದವಿದೆ ಎಂದು ಕಾರಿನಲ್ಲೇ ಪೇಪರ್ ಓದುತ್ತಾ ಕೂರುವವರು. ಸ್ಕಾಟ್ಲೆಂಡಿನಿಂದ ಬಂದ ಮೇಲೆ ಒಂದು ಶುಕ್ರವಾರ ಸಾಲಿನಲ್ಲಿ ಅವಳ ಜೊತೆ ನಿಂತು, ಪ್ರಸಾದ ತಿಂದು, ತೀತಾ ಜಲಾಶಯದ ಏರಿಯ ಮೇಲೆ ಅವಳಿಗೆ ಬೇಕಾದಷ್ಟು ಹೊತ್ತು ನಡೆಯಬೇಕು. ಅವರಿಗೆ ಬೇಡವಾದರೆ ಈಗಲೇ ಹೇಳಿಬಿಡಬೇಕು.

ಎಂಜಿನಿಯರ್ ಸಾಹೇಬರು ಒಪ್ಪಿದರೋ ಇಲ್ಲವೋ ಇನ್ನೂ ತಿಳಿದಿಲ್ಲ. ಶುಕ್ರವಾರ ಸಾಲು ಸುಮಾರು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮಾತ್ರ ವಿಚಾರಿಸಿದರಂತೆ. 18 ಗುಳಿಗಿಂತ ಕಡಿಮೆಯೇ ಎಂದಳಂತೆ ಅವಳು.