ದಣಿವಿಗೆ ಜಾಮೀನು ಯಾರು?

ಕೊಚ್ಚಿಗೆ ವರ್ಗವಾಗಿ ಹೋದ ಕನ್ನಡಿಗ ಮೊದಲು ಕಲಿಯಬೇಕಾದ ಮಲಯಾಳಂ ಪದಗಳು ಎರಡು: ಪನಿ ಮತ್ತು ಪಣಿ. ಮೊದಲನೆಯದು ಜ್ವರ, ಎರಡನೆಯದು ಕೆಲಸ. ನಾಲಿಗೆಯನ್ನು ಸ್ವಲ್ಪ ಮಡಿಸುವುದಷ್ಟೇ ವ್ಯತ್ಯಾಸ. ಮೂರನೆಯ ಪದ ಕ್ಷೀಣಂ. ನಮಗೆ ಕ್ಷೀಣ ಎಂದರೆ ಕರಗುತ್ತಿರುವ ಚಂದ್ರ, ಅಡಗುತ್ತಿರುವ ದನಿ. ಅವರಿಗೆ ಅದು ಬರೀ ಸುಸ್ತು. ಬಿಸಿಲಲ್ಲಿ ಬಸ್ಸಿನಿಂದ ಇಳಿದವರಿಗೂ ಕ್ಷೀಣಂ, ಮದುವೆ ಊಟ ಮುಗಿಸಿ ಬಂದವರಿಗೂ ಕ್ಷೀಣಂ. ಪಕ್ಕದ ಮನೆಯ ಚೇಚಿ ಕಾಂಪೌಂಡಿನಾಚೆಯಿಂದ "ಕ್ಷೀಣಮುಂಡೋ?" ಎಂದು ಪ್ರೀತಿಯಿಂದ ಕೇಳಿದಾಗಲೆಲ್ಲ ನನ್ನ ಹೆಂಡತಿಯ ಮುಖ ಇಳಿದುಹೋಗುತ್ತಿತ್ತು. ಕನ್ನಡದ ಕಿವಿಗೆ ಅದು "ಸವೆದು ಹೋಗ್ತಿದ್ದೀಯಾ?" ಎಂದ ಹಾಗೆ. ಅವಳ ಮಟ್ಟಿಗೆ ಕನ್ನಡದ ಅರ್ಥವೇ ಸರಿಯಾಗಿತ್ತು.

2007ರ ಮಳೆಗಾಲದಲ್ಲಿ ಅವಳಿಗೆ ಚಿಕುನ್‌ಗುನ್ಯಾ ಬಂತು. ಹಿಂದಿನ ವರ್ಷ ಆ ಜ್ವರ ದೇಶವನ್ನೆಲ್ಲ ಆಡಿಸಿತ್ತು. 2006ರಲ್ಲಿ ಭಾರತದಲ್ಲಿ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳು, ಅರ್ಧಕ್ಕಿಂತ ಹೆಚ್ಚು ನಮ್ಮ ಕರ್ನಾಟಕದವೇ. ಗೋಡೆ ಹಿಡಿದು ನಡೆದವರ ನೆನಪು ನಿಮಗೂ ಇರುತ್ತದೆ. ಸರ್ಕಾರದ ಲೆಕ್ಕದಲ್ಲಿ ಆ ವರ್ಷ ಅದರಿಂದ ಸತ್ತವರು ಸೊನ್ನೆ. ಚೇರ್ತಲ, ಆಲಪ್ಪುಳ ಕಡೆಯ ಜನ ಆ ಸೊನ್ನೆಯನ್ನು ನಂಬಲಿಲ್ಲ. ಅಹಮದಾಬಾದಿನ ಮರಣ ನೋಂದಣಿ ಪುಸ್ತಕಗಳನ್ನು ಕೂಡಿ ಕಳೆದು ನೋಡಿದ ಸಂಶೋಧಕರು, 2006ರ ಆಗಸ್ಟ್‌ನಿಂದ ನವೆಂಬರ್‌ವರೆಗೆ ಅಲ್ಲಿ ನಿರೀಕ್ಷೆಗಿಂತ 2,944 ಸಾವು ಹೆಚ್ಚು ಎಂದು 2008ರಲ್ಲಿ ಪ್ರಕಟಿಸಿದರು. ಸಾವಿನ ಲೆಕ್ಕವೇ ಹೀಗಿದ್ದಾಗ ಸುಸ್ತಿನ ಲೆಕ್ಕ ಇಡುವವರು ಯಾರು?

ಜ್ವರ ಐದು ದಿನಕ್ಕೆ ಬಿಟ್ಟಿತು, ಕೀಲುನೋವು ಐದು ತಿಂಗಳಿಗೆ ತಗ್ಗಿತು. ಸುಸ್ತು ಮಾತ್ರ ಹೋಗಲಿಲ್ಲ. ವಿಚಿತ್ರವೆಂದರೆ ಅದರ ವರಸೆ. ಯುಗಾದಿಗೆ ಮನೆ ತೊಳೆದಳು ಎನ್ನಿ, ಆ ದಿನ ಚೆನ್ನಾಗಿಯೇ ಇರುತ್ತಿದ್ದಳು. ಮಾರನೆಯ ದಿನದಿಂದ ನಾಲ್ಕು ದಿನ ಹಾಸಿಗೆ. ನಿದ್ದೆ ಮಾಡಿ ಎದ್ದರೂ ಮಲಗದವಳ ಹಾಗೆ. ಪುಸ್ತಕ ಓದುವವಳು ಒಂದು ಪುಟಕ್ಕೆ ಸೋಲುತ್ತಿದ್ದಳು. ರಕ್ತ, ಥೈರಾಯ್ಡ್, ಸಕ್ಕರೆ, ಎಲ್ಲ ರಿಪೋರ್ಟೂ ನಾರ್ಮಲ್. ಹಿಮೋಗ್ಲೋಬಿನ್ ಸರಿಯಿದ್ದರೂ ಒಬ್ಬ ಡಾಕ್ಟರು ಕಬ್ಬಿಣದ ಮಾತ್ರೆ ಬರೆದರು. ಇನ್ನೊಬ್ಬರು "ಟೆನ್ಷನ್" ಎಂದರು. ತಿಪಟೂರಿನಿಂದ ಅತ್ತೆಯವರು ಫೋನಿನಲ್ಲಿ, "ಊರು ಬಿಟ್ಟ ಬೇಸರ ಕಣ್ರೀ, ಆ ಕೆಂಪಕ್ಕಿ ಅನ್ನ ಒಗ್ಗಿಲ್ಲ. ಒಂದ್ ತಿಂಗ್ಳು ಇಲ್ಲಿಗೆ ಕಳ್ಸಿಕೊಡಿ, ಸರಿಹೋಗ್ತಾಳೆ" ಎಂದರು. ಕಳಿಸಿದೆ. ರೈಲಿನ ಪ್ರಯಾಣಕ್ಕೇ ಒಂದು ವಾರ ಮಲಗಿದಳು. ರಾಗಿಮುದ್ದೆ ಉಂಡರೂ, ಅಮ್ಮನ ಮನೆಯಲ್ಲಿದ್ದರೂ ಅದೇ ಸುಸ್ತು.

ಪರವೂರಿನಲ್ಲಿ ಇರುವವರ ಕಷ್ಟ ಇದು. ಏನೇ ಬಂದರೂ ಊರವರ ಬಾಯಲ್ಲಿ ಅದಕ್ಕೊಂದೇ ಕಾರಣ: ಊರು ಬಿಟ್ಟಿದ್ದು. ಇಲ್ಲಿನವರ ಬಾಯಲ್ಲೂ ಅದೇ.

ತಿರುವನಂತಪುರಕ್ಕೆ ವರ್ಗವಾದಾಗ ನಮ್ಮ ಮನೆ ಮಾಲೀಕರು ನಿವೃತ್ತ ವೈದ್ಯರು. ಸಂಜೆ ವರಾಂಡದಲ್ಲಿ ಕಟ್ಟನ್ ಚಾಯ ಕುಡಿಯುತ್ತಾ ನನ್ನ ಹೆಂಡತಿಯ ಕತೆಯನ್ನು ಮೊದಲಿನಿಂದ ಕೇಳಿದವರು ಅವರೊಬ್ಬರೇ. ಹಣೆಪಟ್ಟಿ ಕಟ್ಟಲಿಲ್ಲ. "ಇದಕ್ಕೊಂದು ಹೆಸರಿದೆ, ಕ್ರಾನಿಕ್ ಫಟೀಗ್ ಸಿಂಡ್ರೋಮ್. ಆದರೆ ಆ ಹೆಸರಿನ ಸುತ್ತ ದೊಡ್ಡ ಜಗಳವಿದೆ ಸಾರ್" ಎಂದರು. ಜಗಳ ಎಂದ ಮೇಲೆ ಲೆಕ್ಕಪತ್ರ ನೋಡದೆ ಬಿಡುವ ಜಾತಿ ನನ್ನದಲ್ಲ. ಆಮೇಲೆ ವರ್ಷಗಟ್ಟಲೆ ಓದಿದೆ.

1955ರ ಜುಲೈಯಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸುಮಾರು 292 ಸಿಬ್ಬಂದಿ ಇಂಥದೊಂದು ಕಾಯಿಲೆಗೆ ಬಿದ್ದರು. ಆಸ್ಪತ್ರೆಯನ್ನೇ ಕೆಲವು ತಿಂಗಳು ಮುಚ್ಚಬೇಕಾಯಿತು. ಹದಿನೈದು ವರ್ಷದ ನಂತರ, 1970ರಲ್ಲಿ, ಇಬ್ಬರು ಮನೋವೈದ್ಯರು ರೋಗಿಗಳನ್ನು ನೋಡದೆ ಹಳೆಯ ಕಡತಗಳನ್ನು ಓದಿ ಅದನ್ನು ಸಾಮೂಹಿಕ ಉನ್ಮಾದ ಎಂದು ಬರೆದರು. ಹೆಚ್ಚಿನವರು ಹೆಂಗಸರು ಎಂಬುದು ಅವರ ವಾದದ ಒಂದು ಆಧಾರ! ಸ್ಥಳಕ್ಕೆ ಹೋಗದೆ ಕೂತಲ್ಲೇ ತಪಾಸಣಾ ವರದಿ ಬರೆಯುವ ಅಧಿಕಾರಿಗಳನ್ನು ನಮ್ಮ ಬ್ಯಾಂಕಿನಲ್ಲೂ ಕಂಡಿದ್ದೇನೆ. ಅಮೆರಿಕದಲ್ಲಿ 1988ರಲ್ಲಿ ಈ ಕಾಯಿಲೆಗೆ ಈಗಿನ ಹೆಸರು ಕೊಟ್ಟರು. ಅದನ್ನು ಸಂಶೋಧಿಸಬೇಕಾದ ಅಲ್ಲಿನ ಸರ್ಕಾರಿ ಕೇಂದ್ರ ಸಿಡಿಸಿ ಏನು ಮಾಡಿತು ಎಂಬುದು 1999ರ ಆಡಿಟ್‌ನಲ್ಲಿ ಹೊರಬಿತ್ತು. 1995ರಿಂದ 98ರವರೆಗೆ ಈ ಕಾಯಿಲೆಯ ಲೆಕ್ಕಕ್ಕೆ ಬರೆದ 2.27 ಕೋಟಿ ಡಾಲರಿನಲ್ಲಿ 88 ಲಕ್ಷ ಬೇರೆ ಕೆಲಸಕ್ಕೆ ಹೋಗಿತ್ತು, ಇನ್ನೊಂದು 41 ಲಕ್ಷಕ್ಕೆ ಸರಿಯಾದ ದಾಖಲೆಯೇ ಇರಲಿಲ್ಲ. ಹೇಗೂ ನಿಜವಾದ ಕಾಯಿಲೆ ಅಲ್ಲವಲ್ಲ ಎಂದು ಯಾರೋ ಅಂದುಕೊಂಡಿರದೆ ಇಷ್ಟು ಧೈರ್ಯ ಬಾರದು.

ನನ್ನನ್ನು ಹೆಚ್ಚು ಹಿಡಿದದ್ದು ಬ್ರಿಟನ್ನಿನ 'ಪೇಸ್' ಪ್ರಯೋಗ. 641 ರೋಗಿಗಳು, ಸುಮಾರು 50 ಲಕ್ಷ ಪೌಂಡ್ ಖರ್ಚು, 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಣೆ. ಆಪ್ತಸಮಾಲೋಚನೆಯ ಒಂದು ಚಿಕಿತ್ಸೆಯಿಂದಲೂ, ದಿನದಿನಕ್ಕೆ ವ್ಯಾಯಾಮ ಹೆಚ್ಚಿಸುತ್ತಾ ಹೋಗುವುದರಿಂದಲೂ ಪ್ರಯೋಜನವಿದೆ ಎಂಬುದು ಫಲಿತಾಂಶ. ಶೇ. 22 ಮಂದಿ ಪೂರ್ಣ ಗುಣವಾದರು ಎಂದು 2013ರಲ್ಲಿ ಬರೆದರು. ರೋಗಿಗಳು ಆ ಅಂಕಿಗಳನ್ನು ನಮ್ಮ ಆಡಿಟರ್‌ಗಳ ಹಾಗೆ ಜಾಲಾಡಿದರು. ಪ್ರಯೋಗಕ್ಕೆ ಸೇರಲು ದೈಹಿಕ ಸಾಮರ್ಥ್ಯದ ಅಂಕ ನೂರಕ್ಕೆ 65 ಅಥವಾ ಅದಕ್ಕಿಂತ ಕಡಿಮೆ ಇರಬೇಕಿತ್ತು. ಗುಣವಾದರು ಎನ್ನಲು ಮೂಲ ಯೋಜನೆಯಲ್ಲಿ 85 ಬೇಕಿತ್ತು, ಕಡೆಗೆ ಅದನ್ನು 60ಕ್ಕೆ ಇಳಿಸಿದ್ದರು. ಅಂದರೆ 65 ಪಡೆದು ರೋಗಿಯಾಗಿ ಸೇರಿದವನು 60ಕ್ಕೆ ಜಾರಿದರೂ ಆ ಒಂದು ಅಳತೆಯಲ್ಲಿ ಪಾಸು. ಮಾಹಿತಿ ಕೊಡಲು ವಿಶ್ವವಿದ್ಯಾಲಯ ಒಪ್ಪಲಿಲ್ಲ. 2016ರಲ್ಲಿ ನ್ಯಾಯಮಂಡಳಿ ಕೊಡಿಸಿತು. ಮೂಲ ಅಳತೆಗೋಲಿನಿಂದ ಮತ್ತೆ ಅಳೆದಾಗ ಗುಣವಾದವರ ಪ್ರಮಾಣ ಒಂದಂಕಿಗೆ ಇಳಿಯಿತು. ಸಂಶೋಧಕರು ಇವತ್ತಿಗೂ ತಮ್ಮ ಕೆಲಸವನ್ನು ಸಮರ್ಥಿಸುತ್ತಾರೆ. ಆದರೆ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಆ ವ್ಯಾಯಾಮ ಚಿಕಿತ್ಸೆಯನ್ನು ಕೈಬಿಟ್ಟಿತು.

ನಾನೂ ರಿಕವರಿ ವಿಭಾಗದಲ್ಲಿ ಇದ್ದವನು ನೋಡಿ. 2004ರ ಮಾರ್ಚ್ 31ಕ್ಕೆ ರಿಸರ್ವ್ ಬ್ಯಾಂಕು ಎನ್‌ಪಿಎ ಗಡುವನ್ನು 180 ದಿನಗಳಿಂದ 90ಕ್ಕೆ ಇಳಿಸಿದಾಗ ಒಳ್ಳೆಯ ಖಾತೆಗಳು ಬೆಳಗಾಗುವುದರಲ್ಲಿ ಕೆಟ್ಟುಹೋದವು. ಸಾಲಗಾರ ಅದೇ, ಅಂಗಡಿ ಅದೇ. ಅಳತೆಗೋಲು ಬಿಗಿಯಾಗಬಹುದು, ಸಡಿಲವಾಗಬಹುದು, ಅದು ತಪ್ಪಲ್ಲ. ವರ್ಷದ ಲೆಕ್ಕ ನಡೆಯುತ್ತಿರುವಾಗ ಬದಲಾಯಿಸಬಾರದು, ಅಷ್ಟೇ. ಆ ಸಂಶೋಧಕರು ಮೋಸಗಾರರು ಎಂದು ನಾನು ಹೇಳಲಾರೆ. ರೋಗಿಗೆ ಒಳ್ಳೆಯದಾಗುತ್ತದೆಂದು ನಂಬಿದವರು ಅವರು. ನಂಬಿಕೆಯೇ ಅಳತೆಗೋಲನ್ನು ಹಿಡಿದರೆ ಹೀಗಾಗುತ್ತದೆ.

ಇನ್ನೊಂದು ಕಡೆಯದನ್ನೂ ಹೇಳಬೇಕು. 2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. 101 ರೋಗಿಗಳಲ್ಲಿ 68 ಮಂದಿಗೆ ಎಕ್ಸ್‌ಎಂಆರ್‌ವಿ ಎಂಬ ವೈರಸ್, ಆರೋಗ್ಯವಂತರಲ್ಲಿ ಶೇ. 4ಕ್ಕೂ ಕಡಿಮೆ. ರೋಗಿಗಳು ಹಬ್ಬ ಮಾಡಿದರು. ತಮಗೆ ವೈರಸ್ ಇದೆ ಎಂದು ಹಬ್ಬ ಮಾಡುವವರು ಉಂಟೇ ಎನ್ನಬೇಡಿ. ವರ್ಷಗಟ್ಟಲೆ ಸೋಮಾರಿ ಅನ್ನಿಸಿಕೊಂಡವರಿಗೆ ವೈರಸ್ ಕೂಡ ಜಾಮೀನುದಾರ. ಬೇರೆ ಪ್ರಯೋಗಾಲಯಗಳಿಗೆ ಅದು ಸಿಗಲಿಲ್ಲ, ಪ್ರಯೋಗಾಲಯದ ಕಲಬೆರಕೆಯಿಂದ ಬಂದದ್ದೆಂದು ಗೊತ್ತಾಯಿತು. 2011ರ ಡಿಸೆಂಬರಿನಲ್ಲಿ ಪತ್ರಿಕೆ ಲೇಖನವನ್ನು ಹಿಂತೆಗೆದುಕೊಂಡಿತು. ಜಾಮೀನು ಬಿತ್ತು. ಆದರೆ ಜಾಮೀನು ಬಿದ್ದ ಮಾತ್ರಕ್ಕೆ ಸಾಲಗಾರ ಸುಳ್ಳುಗಾರನಾಗುವುದಿಲ್ಲವಲ್ಲ?

ನಮ್ಮ ಕಡೆಯದೊಂದು ಅಧ್ಯಯನ ಇದೆ, ಗೋವೆಯದು, 2005ರಲ್ಲಿ ಪ್ರಕಟವಾದದ್ದು. 2,494 ಹೆಂಗಸರಲ್ಲಿ ಶೇ. 12 ಮಂದಿ ಆರು ತಿಂಗಳಿಗೂ ಮೀರಿದ ಸುಸ್ತು ಹೇಳಿಕೊಂಡರು. ಹಿಮೋಗ್ಲೋಬಿನ್‌ಗೂ ಅದಕ್ಕೂ ಸಂಬಂಧ ಕಾಣಲಿಲ್ಲ. ಬಡತನ, ಮನಸ್ಸಿನ ಸಂಕಟ ಇವುಗಳ ಜೊತೆ ಸಂಬಂಧ ಕಂಡಿತು. ಇದನ್ನು ಓದಿ "ನೋಡಿದಿರಾ, ಎಲ್ಲ ಮನಸ್ಸಿನದೇ" ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಎಲ್ಲ ಸುಸ್ತೂ ಒಂದೇ ಕಾಯಿಲೆಯಲ್ಲ, ನಿಜ. ಆದರೆ ಕಷ್ಟದಲ್ಲಿರುವ ಹೆಂಗಸಿನ ದಣಿವು ಸುಳ್ಳು ದಣಿವು ಎಂದು ಯಾವ ಕೋಷ್ಟಕದಲ್ಲೂ ಬರೆದಿಲ್ಲ. ಚಿಕುನ್‌ಗುನ್ಯಾ ವಿಷಯಕ್ಕೆ ಬಂದರೆ, 2005-06ರಲ್ಲಿ ಮೂರರಲ್ಲೊಬ್ಬರಿಗೆ ಅದು ತಗುಲಿದ ರಿಯೂನಿಯನ್ ದ್ವೀಪದಲ್ಲಿ ವರ್ಷಗಳ ನಂತರವೂ ಜನ ಕೀಲುನೋವು, ಆಯಾಸ ಹೇಳಿಕೊಂಡದ್ದು ದಾಖಲಾಗಿದೆ. ದುಡಿದ ಮಾರನೆಯ ದಿನ ಕುಸಿಯುವುದೇ ಕ್ರಾನಿಕ್ ಫಟೀಗ್‌ನ ಮುಖ್ಯ ಗುರುತುಗಳಲ್ಲೊಂದು ಎಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಬರೆಯಿತು. ನನ್ನ ಹೆಂಡತಿ ಅದನ್ನು ಯುಗಾದಿಯ ಲೆಕ್ಕದಲ್ಲಿ ಮೊದಲೇ ಹೇಳಿದ್ದಳು.

ಹಾಗಾದರೆ ಪರೀಕ್ಷೆಯೇ ಇಲ್ಲದ ಕಡೆ ನಂಬುವುದು ಹೇಗೆ? ನಾವು ಅಡವಿಲ್ಲದೆ ಸಾಲ ಕೊಡುತ್ತಿರಲಿಲ್ಲವೇ? ಕೊಡುತ್ತಿದ್ದೆವು. ಅದರಲ್ಲಿ ಕೆಲವರು ನಾಮ ಹಾಕುತ್ತಾರೆಂದು ಗೊತ್ತಿದ್ದೇ ಕೊಡುತ್ತಿದ್ದೆವು. ಕೆಲವರು ಮೋಸ ಮಾಡುತ್ತಾರೆಂದು ಯಾರಿಗೂ ಕೊಡದಿದ್ದರೆ ಬ್ಯಾಂಕಿಗೆ ಬಾಗಿಲು ಹಾಕಬೇಕು. ತಿರುವನಂತಪುರದ ಶಾಖೆಯಲ್ಲಿ ಇಂಥದೇ ಸುಸ್ತಿನ ಒಬ್ಬ ಗುಮಾಸ್ತೆ ಇದ್ದಳು. ಅವಳಿಗೆ ಕೌಂಟರಿನ ಬದಲು ಕ್ಲಿಯರಿಂಗ್ ಕೆಲಸ ಕೊಟ್ಟು, ಮಧ್ಯಾಹ್ನ ಅರ್ಧ ಗಂಟೆ ಮಲಗಲು ರೆಕಾರ್ಡ್ ರೂಮಿನಲ್ಲಿ ಜಾಗ ಮಾಡಿಕೊಟ್ಟೆವು. "ನಟನೆ ಸಾರ್" ಎಂದವರು ಇದ್ದರು. ನಟನೆಯೇ ಆಗಿದ್ದರೆ ಬ್ಯಾಂಕಿಗೆ ನಷ್ಟ ದಿನಕ್ಕೆ ಅರ್ಧ ಗಂಟೆ. ನಟನೆಯಲ್ಲದಿದ್ದರೆ, ನಂಬದೆ ಹೋದರೆ ನಷ್ಟ ಅವಳ ನೌಕರಿ. ಎರಡು ತಪ್ಪುಗಳ ಬೆಲೆ ಒಂದೇ ಅಲ್ಲ.

ನನ್ನ ಹೆಂಡತಿ ನಾಲ್ಕು ವರ್ಷದ ಹೊತ್ತಿಗೆ ಮುಕ್ಕಾಲು ಪಾಲು ಸುಧಾರಿಸಿದಳು. ಮದ್ದು ಇಂಥದೇ ಎಂದು ಹೇಳಲಾರೆ. ಈಗ ನಾವು ತಿಪಟೂರಿನಲ್ಲಿದ್ದೇವೆ. ಕೋವಿಡ್ ಬಂದು ಹೋದ ಮೇಲೆ ತಿರುವನಂತಪುರದ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದರು. ಅವರ ಸೊಸೆಗೆ ಜ್ವರ ಬಿಟ್ಟು ಏಳು ತಿಂಗಳಾದರೂ ಮೆಟ್ಟಿಲು ಹತ್ತಲಾಗುತ್ತಿಲ್ಲ, ರಿಪೋರ್ಟೆಲ್ಲ ನಾರ್ಮಲ್. ನಾನು ಪೇಸ್, ನೈಸ್ ಎಂದು ಶುರು ಮಾಡುವಷ್ಟರಲ್ಲಿ ಇವಳು ಫೋನು ಕಿತ್ತುಕೊಂಡು ಆ ಹುಡುಗಿಯನ್ನು ಕರೆಯಲು ಹೇಳಿದಳು. ತನ್ನ ಮುರುಕು ಮಲಯಾಳದಲ್ಲಿ, ತರಕಾರಿ ಕೂತೇ ಹೆಚ್ಚಬೇಕು, ಚೆನ್ನಾಗಿ ಅನ್ನಿಸಿದ ದಿನವೇ ಕಡಿಮೆ ಕೆಲಸ ಮಾಡಬೇಕು, ಸ್ನಾನದ ದಿನ ತಲೆಗೆ ನೀರು ಬೇಡ, ಎಂದು ಮುಕ್ಕಾಲು ಗಂಟೆ ಮಾತಾಡಿದಳು. ಆಮೇಲೆ ಹೋಗಿ ಮಲಗಿಕೊಂಡಳು.