ಒಂದೋ, ಎರಡೋ?

ಚಳಿಗಾಲದಲ್ಲಿ ಮಲೆನಾಡಿನ ಮರಗಳ ಎಲೆಯೆಡೆಯಲ್ಲಿ ಹುಳ ಹೆಕ್ಕುವ ಹಸಿರು ಉಲಿಯಕ್ಕಿ ನಮ್ಮಲ್ಲಿ ಗೂಡು ಕಟ್ಟುವುದಿಲ್ಲ. ಅದರ ಬಳಗದ ತವರು ಟಿಬೆಟ್ ಪ್ರಸ್ಥಭೂಮಿಯನ್ನು ಬಳಸಿ ಉಂಗುರದಂತೆ ಹಬ್ಬಿದೆ. ಹಿಮಾಲಯದಿಂದ ಪಶ್ಚಿಮಕ್ಕೆ ಹೊರಟರೆ ಮಧ್ಯ ಏಷ್ಯಾ ದಾಟಿ ಸೈಬೀರಿಯ. ಪೂರ್ವಕ್ಕೆ ಹೊರಟರೆ ಚೀನಾ ದಾಟಿ ಮತ್ತೆ ಸೈಬೀರಿಯ. ದಾರಿಯುದ್ದಕ್ಕೂ ಹಾಡು ಮತ್ತು ರೆಕ್ಕೆಯ ಪಟ್ಟೆ ತುಸುತುಸುವೇ ಬದಲಾಗುತ್ತ ಹೋಗುತ್ತವೆ. ಆದರೆ ಸೈಬೀರಿಯದಲ್ಲಿ ಎರಡೂ ತುದಿಯ ಹಕ್ಕಿಗಳು ಒಂದೇ ಕಾಡಿನಲ್ಲಿದ್ದೂ ಜೋಡಿಯಾಗುವುದಿಲ್ಲ. ಜೀವವಿಜ್ಞಾನಿ ಡ್ಯಾರೆನ್ ಇರ್ವಿನ್ ಒಂದು ಕಡೆಯವರ ಹಾಡನ್ನು ಇನ್ನೊಂದು ಕಡೆಯವರಿಗೆ ಕೇಳಿಸಿದರೆ, ಅವು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ತಮ್ಮೊಳಗೆ ಕೂಡಿ ಸಂತತಿ ಬೆಳೆಸುವ, ಹೊರಗಿನವರೊಡನೆ ಕೂಡದ ಗುಂಪೇ ಪ್ರಭೇದ ಎಂದು 1942ರಲ್ಲಿ ಜೀವವಿಜ್ಞಾನಿ ಅರ್ನ್ಸ್ಟ್ ಮೇಯರ್ ಹೇಳಿದರು. ಇದರ ಪ್ರಕಾರ ಸೈಬೀರಿಯದಲ್ಲಿ ನಿಂತವನಿಗೆ ಹಕ್ಕಿ ಎರಡು, ಉಂಗುರ ಸುತ್ತಿ ಬಂದವನಿಗೆ ಒಂದು. ಮುಂದೆ ಡಿಎನ್‌ಎ ಅಧ್ಯಯನ ಈ ಉಂಗುರದಲ್ಲಿ ಹಿಂದೆ ಕೆಲವು ಬಿರುಕುಗಳಿದ್ದವೆಂದು ತೋರಿಸಿತು. ಆದರೆ ಎಷ್ಟು ದೊಡ್ಡ ಬಿರುಕಾದರೆ ಎರಡು ಎನ್ನಬೇಕು?

ಹಾಗಾದರೆ ಪ್ರಭೇದವೆಂಬುದು ನಮ್ಮ ಅನುಕೂಲಕ್ಕೆ ಕಟ್ಟಿಕೊಂಡ ಕಲ್ಪನೆ ಎಂದು ಹಲವರು ಕೈತೊಳೆದುಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಉತ್ತರ ಕನ್ನಡದ ಕುಂಬಾರ ಕಪ್ಪೆಯನ್ನು ನೋಡಿ. ವಿಜ್ಞಾನಿ ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದನ್ನು ಹೊಸ ಪ್ರಭೇದವೆಂದು ವಿವರಿಸಿದರು. ಮೊಟ್ಟೆಗಳಿಗೆ ಗಂಡು ಮುಂಗಾಲಿನಿಂದ ಕೆಸರು ಮೆತ್ತುತ್ತದೆ. ಅದೇ ಸೀಮೆಯ ಸೋದರ ಕಪ್ಪೆಗಳಿಗೆ ಈ ಕಸುಬು ಗೊತ್ತಿಲ್ಲ. ಯಾವ ಕೂಗಿಗೆ ಓಗೊಡಬೇಕೆಂದು ಹೆಣ್ಣು ಕಪ್ಪೆಗೆ ಯಾವ ಪ್ರಾಧ್ಯಾಪಕರೂ ಹೇಳಿಕೊಟ್ಟಿಲ್ಲ. ಗಡಿಯನ್ನು ಕಾಯುತ್ತಿರುವವು ಕಪ್ಪೆಗಳೇ.

ಮೇಯರ್ ಸೂತ್ರಕ್ಕೆ ಮಿತಿಯಿದೆ ನಿಜ. ಕೂಡದೆಯೇ ಹೆಚ್ಚುವ ಬ್ಯಾಕ್ಟೀರಿಯಾಗಳ ಬಗ್ಗೆ ಅದು ಮೌನ. ಪಳೆಯುಳಿಕೆಗಳ ದಾಂಪತ್ಯವನ್ನಂತೂ ಕಂಡವರಿಲ್ಲ. ಅದಕ್ಕೇ ಇಪ್ಪತ್ತಕ್ಕೂ ಹೆಚ್ಚು ವ್ಯಾಖ್ಯೆಗಳು ಹುಟ್ಟಿಕೊಂಡಿವೆ. ಈ ಜಗಳವನ್ನು ಜೀವವಿಜ್ಞಾನಿ ಕೆವಿನ್ ಡಿ ಕ್ವೆರೋಜ್ ಬಿಡಿಸಿದ ರೀತಿ ನನಗೆ ಸರಿ ಕಾಣುತ್ತದೆ. ಪ್ರಭೇದವೆಂದರೆ ತನ್ನದೇ ದಾರಿ ಹಿಡಿದ ವಂಶ ಎಂಬಲ್ಲಿ ಎಲ್ಲರೂ ಒಂದೇ; ದಾರಿ ಬೇರೆಯಾಯಿತೆನ್ನಲು ಯಾವ ಸಾಕ್ಷಿ ಸಾಕು ಎಂಬಲ್ಲಷ್ಟೇ ತಕರಾರು. ಕವಲೊಡೆಯುವುದು ಒಂದು ದಿನದ ಕೆಲಸವಲ್ಲ. ಹಾಡು ಮೊದಲು ಬೇರೆಯಾಗಬಹುದು, ಬಣ್ಣ ಆಮೇಲೆ, ಸಂತಾನಶಕ್ತಿ ಎಷ್ಟೋ ಕಾಲದ ಮೇಲೆ. ನಡುವೆ ಇಣುಕಿದವನಿಗೆ ಸಾಕ್ಷಿಗಳು ಪರಸ್ಪರ ವಿರುದ್ಧವಾಗಿ ನುಡಿಯದೆ ಇನ್ನೇನು? ಜೀವಿಗಳನ್ನು ದೇವರು ಒಂದೊಂದಾಗಿ ಸೃಷ್ಟಿಸಿದನೆಂದು ನಂಬಿದ ಲಿನೇಯಸ್‌ನ ಕಾಲಕ್ಕೆ ಇಂಥ ಗೊಂದಲ ನೋಡುವವನ ದೋಷವಾಗಿತ್ತು. ಡಾರ್ವಿನ್‌ಗೆ ಅದೇ ವಿಕಾಸದ ಪುರಾವೆ. ಒಂದೂ ಅನುಮಾನದ ಹಕ್ಕಿ ಸಿಗದಿದ್ದರೆ ಅವನ ವಾದಕ್ಕೇ ಕುತ್ತು.

ಕಾನೂನಿಗೆ, ಸಂರಕ್ಷಣೆಗೆ ಮಾತ್ರ ಗೆರೆ ಬೇಕೇ ಬೇಕು. ಆಫ್ರಿಕದ ಆನೆಯನ್ನು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಬಹುಕಾಲ ಒಂದೇ ಪ್ರಭೇದವಾಗಿ ಎಣಿಸಿ, ಅಪಾಯದ ಪಟ್ಟಿಯ ಕೆಳಮೆಟ್ಟಿಲಲ್ಲಿ ಇಟ್ಟಿತ್ತು. 2021ರಲ್ಲಿ ಎರಡಾಗಿ ನೋಡಿದಾಗ ಹುಲ್ಲುಗಾಡಿನ ಆನೆ ಅಳಿವಿನಂಚಿನ ವರ್ಗಕ್ಕೂ, ದಟ್ಟಕಾಡಿನ ಆನೆ ಅದಕ್ಕಿಂತ ತೀವ್ರ ಅಪಾಯದ ವರ್ಗಕ್ಕೂ ಸೇರಿದವು. ಇವು ಕೆಲವೆಡೆ ಕೂಡಿ ಮರಿ ಹಾಕುವುದುಂಟು. ಅದನ್ನೇ ಹಿಡಿದು ಎರಡೂ ಒಂದೇ ಎಂದು ಹಟ ಮಾಡಿದ್ದರೆ ದಟ್ಟಕಾಡಿನ ಆನೆಗಳ ಕುಸಿತ ಹುಲ್ಲುಗಾಡಿನವುಗಳ ಲೆಕ್ಕದೊಳಗೆ ಮುಚ್ಚಿಹೋಗುತ್ತಿತ್ತು.