ಹಿಂಡಿನ ಮೇಲ್ವಿಚಾರಕರು

ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು 20ನೆಯ ಅಧ್ಯಾಯ, 17ರಿಂದ 38ರ ವರೆಗಿನ ವಚನಗಳು.



ಪೌಲನು ಯೆರೂಸಲೇಮಿಗೆ ಹೋಗುವ ಅವಸರದಲ್ಲಿ ಮಿಲೇತದಲ್ಲಿ ತಂಗಿ, ಎಫೆಸದ ಸಭೆಯ ಹಿರಿಯರನ್ನು ಅಲ್ಲಿಗೆ ಕರೆಯಿಸಿದನೆಂದು ಈ ಭಾಗದಲ್ಲಿ ಓದುತ್ತೇವೆ. ಲೂಕನು ಅವರನ್ನು ಹಿರಿಯರೆನ್ನುತ್ತಾನೆ. ಪೌಲನು ಅವರನ್ನೇ ಮೇಲ್ವಿಚಾರಕರೆಂದು ಕರೆಯುತ್ತಾನೆ. ಈ ಎರಡನೆಯ ಮಾತಿಗೆ ಗ್ರೀಕ್ ಮೂಲದಲ್ಲಿ ಎಪಿಸ್ಕೊಪೊಸ್ ಎಂಬ ಪದವಿರುವದು. ಎಚ್ಚರದಿಂದ ನೋಡಿಕೊಳ್ಳುವವನು ಎಂದು ಅದರ ಅರ್ಥ. ಬಿಷಪ್ ಎಂಬ ಹೆಸರೂ, ಬಿಷಪರುಳ್ಳ ಸಭೆಗಳಿಗೆ ಎಪಿಸ್ಕೊಪಲ್ ಎಂಬ ಹೆಸರೂ ಈ ಪದದಿಂದಲೇ ಹುಟ್ಟಿದವು.

ಸಭಾಪಾಲಕರಿಗೆ ವರ್ಗವಾದಾಗ ನಮ್ಮ ಹಳ್ಳಿಗಳಲ್ಲಿ ಎರಡು ಬಗೆಯ ಮಾತು ಕೇಳಿಬರುವದು. ನಮ್ಮ ಅಯ್ಯನವರನ್ನು ಬಿಷಪರು ಕಿತ್ತುಕೊಂಡರೆಂದು ಕೆಲವರು ಗುಣುಗುಟ್ಟುತ್ತಾರೆ. ಹೊಸಬರು ನಮ್ಮ ಕುಲದವರಲ್ಲ, ನಮ್ಮ ಊರಿನವರಲ್ಲ, ಅವರ ಕೈಯಿಂದ ನಾವು ಕರ್ತನ ಭೋಜನ ತೆಗೆದುಕೊಳ್ಳುವದಿಲ್ಲವೆಂದು ಬೇರೆ ಕೆಲವರು ಹಟ ಹಿಡಿಯುತ್ತಾರೆ. ಈ ಮಾತುಗಳಿಂದ ಸಭೆಗಳು ಒಡೆದದ್ದುಂಟು. ಆದಕಾರಣ ಸಭೆಯನ್ನು ನಡಿಸುವವರು ಯಾರು, ಅವರ ಕೆಲಸವೇನು, ನಮ್ಮ ಕರ್ತವ್ಯವೇನು ಎಂಬದನ್ನು ವಿಚಾರಿಸೋಣ.

ಮೊದಲನೆಯದಾಗಿ, ಹಿಂಡು ಕರ್ತನದೇ. ಅದನ್ನು ದೇವರು ಬೆಲೆಕೊಟ್ಟು ಸಂಪಾದಿಸಿಕೊಂಡನೆಂದು ಪೌಲನು ಹೇಳುತ್ತಾನಲ್ಲದೆ, ಎಫೆಸದ ಹಿರಿಯರದೆಂದಾಗಲಿ ತನ್ನದೆಂದಾಗಲಿ ಹೇಳುವದಿಲ್ಲ. ಬೆಳಗಾವಿಯ ಸಭೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. 1820ರಲ್ಲಿ ಲಂಡನ್ ಮಿಷನ್ ಸಂಘದ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದು ಕೆಲಸ ಆರಂಭಿಸಿದರು. ಬಳಿಕ ವಿಲಿಯಂ ಬೆಯ್ನನ್ ಬಂದು ಬಹುಕಾಲ ದುಡಿದರು. ಅವರ ಹೆಸರು ಇಂದಿಗೂ ಬೆಳಗಾವಿಯ ಪಾಠಶಾಲೆಯೊಂದರ ಮೇಲಿದೆ. ಆ ಸಂಘದ ಕ್ರಮದಲ್ಲಿ ಬಿಷಪರಿರಲಿಲ್ಲ. 1904ರಲ್ಲಿ ಸಂಘವು ಬೆಳಗಾವಿಯ ಕೆಲಸವನ್ನು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೊಪಲ್ ಸಭೆಗೆ ಒಪ್ಪಿಸಿತು. ಬಿಷಪರಿಲ್ಲದ ಕ್ರಮದಲ್ಲಿ ಬೆಳೆದ ಕುಟುಂಬಗಳು ಬಿಷಪರುಳ್ಳ ಕ್ರಮಕ್ಕೆ ಸೇರಿದವು. 1981ರಲ್ಲಿ ಆ ಸಭೆಯು ಪರದೇಶದ ಆಡಳಿತದಿಂದ ಬಿಡುಗಡೆ ಹೊಂದಿ ಭಾರತದ ಮೆಥೊಡಿಸ್ಟ್ ಸಭೆಯಾಯಿತು. ಇನ್ನು ದಂಡಿನ ಭಾಗದಲ್ಲಿರುವ ಸಂತ ಮೇರಿಯ ದೇವಾಲಯವು ಆಂಗ್ಲಿಕನ್ ಕ್ರಮದ್ದಾಗಿತ್ತು. ಬೆಳಗಾವಿಯು ಆಗ ಬೊಂಬಾಯಿ ಆಧಿಪತ್ಯಕ್ಕೆ ಸೇರಿದ್ದದರಿಂದ, ಆ ಸಭೆಯವರ ಮೇಲ್ವಿಚಾರಣೆಯು 1837ರಲ್ಲಿ ಸ್ಥಾಪಿತವಾದ ಬೊಂಬಾಯಿ ಬಿಷಪರ ಪೀಠಕ್ಕಿತ್ತು.

ನೋಡಿರಿ, ಸಂಘವು ಹೋಯಿತು, ಕ್ರಮವು ಬದಲಾಯಿತು, ಬಿಳಿಯ ದೊರೆಗಳ ದಂಡೂ ಹೋಯಿತು, ಪ್ರಾರ್ಥನೆಯೋ ನಿಲ್ಲಲಿಲ್ಲ. ಸಭೆಯು ಮಿಷನರಿಯದಾಗಿದ್ದರೆ ಮಿಷನರಿಯ ಹಡಗಿನೊಂದಿಗೇ ಹೋಗಬೇಕಾಗಿತ್ತು. ಅದು ಹೋಗಲಿಲ್ಲ, ಯಾಕಂದರೆ ಕೈ ಬದಲಾದರೂ ಒಡೆಯನು ಬದಲಾಗಲಿಲ್ಲ.

ಎರಡನೆಯದಾಗಿ, ಮೇಲ್ವಿಚಾರಣೆ ಎಂಬದು ಭಾರವೇ ಹೊರತು ಬಿರುದಲ್ಲ. ನಮ್ಮಲ್ಲಿ ಕ್ರಮವು ಹೀಗಿರುವದು. ಸಭಾಪಾಲಕರು ವಾಕ್ಯವನ್ನು ಸಾರಿ, ದೀಕ್ಷಾಸ್ನಾನವನ್ನೂ ಕರ್ತನ ಭೋಜನವನ್ನೂ ನಡಿಸಿ, ರೋಗಿಗಳನ್ನು ಕಂಡು, ಸತ್ತವರನ್ನು ಮಣ್ಣುಮಾಡುತ್ತಾರೆ. ಹಲವು ಸಭೆಗಳು ಕೂಡಿ ಒಂದು ಜಿಲ್ಲೆ; ಅದಕ್ಕೆ ಜಿಲ್ಲಾ ಮೇಲ್ವಿಚಾರಕರು. ಜಿಲ್ಲೆಗಳೆಲ್ಲಾ ಕೂಡಿದ ವಾರ್ಷಿಕ ಮಹಾಸಭೆಯಲ್ಲಿ ಪಾಲಕರೊಂದಿಗೆ ಸಭಿಕರ ಪ್ರತಿನಿಧಿಗಳೂ ಕೂತುಕೊಳ್ಳುತ್ತಾರೆ. ಅದರ ಅಧ್ಯಕ್ಷರಾದ ಬಿಷಪರು ಯಾವ ಪಾಲಕರು ಯಾವ ಸಭೆಗೆ ಎಂಬದನ್ನು ನೇಮಿಸುತ್ತಾರೆ. ಆಂಗ್ಲಿಕನರಲ್ಲಿ ಬಿಷಪರದು ಬೇರೆ ಅಭಿಷೇಕವರ್ಗವು. ಮೆಥೊಡಿಸ್ಟರಲ್ಲಿಯೋ ಬಿಷಪರು ಹಿರಿಯರಲ್ಲಿ ಒಬ್ಬರೇ. ಆರಿಸಲ್ಪಟ್ಟು ಮೇಲ್ವಿಚಾರಣೆಗಾಗಿ ಪ್ರತಿಷ್ಠಿಸಲ್ಪಟ್ಟವರು. ದಕ್ಷಿಣ ಇಂಡಿಯಾ ಸಭೆಯಲ್ಲಿಯೂ ಬಿಷಪರಿದ್ದಾರೆ; ಅದರ ಉತ್ತರ ಕರ್ನಾಟಕ ಸಭಾಪ್ರಾಂತಕ್ಕೆ ಧಾರವಾಡದಲ್ಲಿ ಪೀಠವಿದೆ. ಕ್ರಮಗಳು ಬೇರೆ ಬೇರೆ, ಉದ್ದೇಶವು ಒಂದೇ.

ಆ ಉದ್ದೇಶವೇನೆಂಬದನ್ನು ಖಾನಾಪುರದವರಿಗೆ ಹೇಳುವದು ಸುಲಭ. ಅಲ್ಲಿಯ ಮಣ್ಣಿನಿಂದ ಹೆಂಚು ಮಾಡುತ್ತಾರಷ್ಟೆ. ಮಾಡಿನ ಎರಡು ಇಳಿಜಾರುಗಳಲ್ಲಿ ಎಷ್ಟು ಚೆನ್ನಾದ ಹೆಂಚು ಹೊದಿಸಿದರೂ, ನೆತ್ತಿಯ ಮೇಲೆ ಕವುಚುವ ಹೆಂಚು ಇಲ್ಲದಿದ್ದರೆ ಕಣಕುಂಬಿಯ ಕಡೆಯಿಂದ ಬರುವ ಮಳೆ ಒಲೆಯ ಮೇಲೆಯೇ ಸುರಿಯುವದು. ನೆತ್ತಿಯ ಹೆಂಚು ಎತ್ತರದಲ್ಲಿರುವದು ಮೆರೆಯುವದಕ್ಕಲ್ಲ, ಎರಡು ಕಡೆಗಳನ್ನು ಕೂಡಿಸುವದಕ್ಕೆ. ಗಾಳಿಯೂ ಮಳೆಯೂ ಮೊದಲು ಹೊಡೆಯುವದು ಅದನ್ನೇ. ಕೆಳಗಿನ ತೊಲೆ ಜಂತೆಗಳಿಲ್ಲದಿದ್ದರೆ ಅದು ತಾನಾಗಿ ನಿಲ್ಲಲಾರದು. ಬಿಷಪರ ಉದ್ಯೋಗವೂ ಹಾಗೆಯೇ. ಕನ್ನಡದಲ್ಲಿ ಹಾಡುವ ಸಭೆಯೂ ಮರಾಠಿಯಲ್ಲಿ ಹಾಡುವ ಸಭೆಯೂ, ಪೇಟೆಯ ದೊಡ್ಡ ಸಭೆಯೂ ಕಾಡಂಚಿನ ಹತ್ತು ಮನೆಗಳ ಸಭೆಯೂ ಒಂದೇ ಮಾಡಿನ ಕೆಳಗಿವೆ ಎಂಬದಕ್ಕೆ ಅದು ಗುರುತು. ಪಾಲಕರನ್ನು ಸಭೆಗಳೇ ಹಣ ಕೊಟ್ಟು ಆರಿಸಿಕೊಳ್ಳುವದಾದರೆ, ಆ ಹತ್ತು ಮನೆಗಳಿಗೆ ಪಾಲಕರು ಎಲ್ಲಿಂದ ಬರುವರು? ನಿಮ್ಮಿಂದ ಪಾಲಕರನ್ನು ತೆಗೆದುಕೊಳ್ಳುವ ಕೈಯೇ ನಿಮಗೆ ಪಾಲಕರನ್ನು ಕಳುಹಿಸುವ ಕೈ.

ವಿ. ಎಸ್. ಅಜರಾಯರು 1912ರಲ್ಲಿ ದೋರ್ನಕಲ್ಲಿನ ಬಿಷಪರಾದರು; ಆಂಗ್ಲಿಕನ್ ಸಭೆಯಲ್ಲಿ ಭಾರತೀಯರೊಳಗೆ ಅವರೇ ಮೊದಲನೆಯವರು. ಹಳ್ಳಿಯ ಸಭಾಪಾಲಕರ ಮಗನಾದ ಅವರು ತಮಿಳು ನಾಡಿನಿಂದ ಹೋಗಿ ತೆಲುಗು ಭಾಷೆ ಕಲಿತು, ಬಡ ಜನರ ಹಳ್ಳಿಗಳಲ್ಲಿ ಸುತ್ತುತ್ತಾ, 1945ರಲ್ಲಿ ತೀರಿಕೊಳ್ಳುವ ವರೆಗೂ ಆ ಜನರ ನಡುವೆಯೇ ಇದ್ದರು. ಅವರ ಊರಲ್ಲ, ಅವರ ಭಾಷೆಯಲ್ಲ ಎಂದು ಆ ಹಳ್ಳಿಯವರು ಬಾಗಲು ಮುಚ್ಚಿದ್ದರೆ ನಷ್ಟವು ಯಾರದಾಗುತ್ತಿತ್ತು?

ಮೂರನೆಯದಾಗಿ, ನಮ್ಮ ಕರ್ತವ್ಯವು. ಪಾಲಕರಿಗೋಸ್ಕರ ಪ್ರಾರ್ಥಿಸಿರಿ, ಅವರ ಜೀವನಕ್ಕೆ ಬೇಕಾದದ್ದನ್ನು ಸುಗ್ಗಿಯಲ್ಲಿಯೂ ಬರದಲ್ಲಿಯೂ ತಪ್ಪದೆ ಕೊಡಿರಿ. ಮಳೆಗಾಲದಲ್ಲಿ ಹಳ್ಳಗಳು ತುಂಬಿ ಅವರು ಬರಲಾರದಿದ್ದರೆ, ದೇವಾಲಯದ ಕದ ಮುಚ್ಚಬಾರದು. ಕರ್ತನ ಮೇಜು ಅವರಿಗಾಗಿ ಕಾಯಬಹುದು, ವಾಕ್ಯವೂ ಪ್ರಾರ್ಥನೆಯೂ ಕಾಯಬೇಕಾಗಿಲ್ಲ. ಹಿರಿಯರು ಮುಂದೆ ನಿಲ್ಲಲಿ, ಓದಬಲ್ಲ ಮಗುವಾದರೂ ಓದಲಿ.

ಹಾಗಾದರೆ ಪಾಲಕರು ತಪ್ಪಿದಾಗ ಸುಮ್ಮನಿರಬೇಕೋ? ಇಲ್ಲ. ಹಿಂಡನ್ನು ಕಾಯುವದಕ್ಕಿಂತ ಮೊದಲು ತಮ್ಮನ್ನು ತಾವೇ ನೋಡಿಕೊಳ್ಳಬೇಕೆಂದು ಪೌಲನು ಆ ಹಿರಿಯರಿಗೆ ಎಚ್ಚರಿಕೆ ಕೊಟ್ಟನು. ತೋಳಗಳು ಹೊರಗಿನಿಂದ ಮಾತ್ರವಲ್ಲ, ಅವರೊಳಗಿಂದಲೂ ಏಳುವವೆಂದು ತಿಳಿಸಿದನು. ತಾನು ಯಾರ ಬೆಳ್ಳಿಬಂಗಾರವನ್ನೂ ಬಯಸದೆ ಸ್ವಂತ ಕೈಗಳಿಂದ ದುಡಿದೆನೆಂದು ಲೆಕ್ಕ ಒಪ್ಪಿಸಿದನು. ಲೆಕ್ಕ ಕೊಡದ ಪಾಲಕನಿಗೂ, ಲೆಕ್ಕ ಕೊಡದ ಬಿಷಪನಿಗೂ ಈ ಅಧ್ಯಾಯದಲ್ಲಿ ಆಸರೆಯಿಲ್ಲ. ಆದರೆ ಹಿರಿಯನ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ತೆಗೆದುಕೊಳ್ಳಬಾರದೆಂದೂ, ತಪ್ಪು ಸಿದ್ಧವಾದರೆ ಎಲ್ಲರ ಮುಂದೆ ಗದರಿಸಬೇಕೆಂದೂ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯವು ಕಲಿಸುವದು. ದೂರು ಹೇಳತಕ್ಕ ಸ್ಥಳವು ಸಭೆ; ಚಹದ ಅಂಗಡಿಯ ಕಟ್ಟೆಯಲ್ಲ, ಹೆಸರಿಲ್ಲದ ಕಾಗದವೂ ಅಲ್ಲ.

ಕಡೆಗೆ ಆ ಮಿಲೇತದ ದಡವನ್ನು ನೋಡಿರಿ. ಮೂರು ವರುಷ ಹಗಲಿರುಳು ಕಣ್ಣೀರಿನೊಂದಿಗೆ ತಮ್ಮನ್ನು ಬುದ್ಧಿಹೇಳಿ ಬೆಳೆಸಿದವನನ್ನು ಎಫೆಸದವರು ಬೀಳ್ಕೊಡುತ್ತಾರೆ. ಅವನ ಮುಖವನ್ನು ಇನ್ನು ಕಾಣಲಾರೆವೆಂದು ಅವರಿಗೆ ಗೊತ್ತು. ಅವರು ಅಳುತ್ತಾರೆ, ಅವನ ಕೊರಳನ್ನು ತಬ್ಬಿಕೊಳ್ಳುತ್ತಾರೆ. ಆದರೂ ಅವನನ್ನು ತಡೆಯುವದಿಲ್ಲ. ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸಿ, ಹಡಗಿನ ವರೆಗೆ ಅವನನ್ನು ಸಾಗಕಳುಹಿಸುತ್ತಾರೆ. ಅಳುವದು ಪಾಪವಲ್ಲ, ತಡೆಯುವದು ಪಾಪ. ನಮ್ಮ ಪಾಲಕರ ಸಾಮಾನಿನ ಗಾಡಿ ಊರಬಾಗಲಿಗೆ ಬಂದ ದಿವಸ, ನಾವು ಸಹ ಅಳುತ್ತಾ, ಪ್ರಾರ್ಥಿಸುತ್ತಾ, ಗಡಿಯ ವರೆಗೆ ನಡೆದುಹೋಗಿ ಬೀಳ್ಕೊಡುವೆವಾಗಲಿ. ಅದೇ ದಾರಿಯಲ್ಲಿ ಬರುವವರಿಗೆ ಒಂದು ತಂಬಿಗೆ ನೀರು ಹಿಡಿದು ನಿಲ್ಲುವೆವಾಗಲಿ. ಹಿರೀ ಕುರುಬನು ಪ್ರತ್ಯಕ್ಷನಾಗುವ ದಿವಸ ಬಿಷಪನೂ ಪಾಲಕನೂ ಉಪದೇಶಿಯೂ ಕುರಿಯೂ ಒಂದೇ ಹಟ್ಟಿಯಲ್ಲಿ ನಿಲ್ಲುವರು. ಆ ಕೃಪೆಯನ್ನು ಆತನು ನಮ್ಮೆಲ್ಲರಿಗೆ ಅನುಗ್ರಹಿಸಲಿ. ಆಮೆನ್.